ಟಾಕಾ ಬಿದ್ದದ್ದು ಯಾರಿಗೆ?

"ಯಾರಿಗ್ರೀ ಟಾಕಾ ಬಿದ್ದದ್ದು? ಎಷ್ಟ ಬಿದ್ದಾವ?"

ಗೋಡೆಯಾಚೆಯಿಂದ ಪಕ್ಕದ ಮನೆಯ ಮಾವಶಿ ಕೇಳಿದರು. ನಮ್ಮ ಅಕ್ಕಲಕೋಟೆಯಲ್ಲಿ ಟಾಕಾ ಎಂದರೆ ಹೊಲಿಗೆ; ಹರಿದ ಬಟ್ಟೆಗೂ ಹೌದು, ಆಪರೇಷನ್ ಆದ ಹೊಟ್ಟೆಗೂ ಹೌದು. ಪುಣೆಯಿಂದ ಬಂದ ನನ್ನ ಅಣ್ಣನ ಮಗ ಬೆಳಗಿನಿಂದ ಅಂಗಳದಲ್ಲಿ ನಿಂತು ಫೋನಿನಲ್ಲಿ "ಟ್ಯಾಕೊ, ಹತ್ತ ಟ್ಯಾಕೊ" ಎಂದು ಒದರುತ್ತಿದ್ದ. ಮಾವಶಿಯ ಕೈಯಲ್ಲಿ ಆಗಲೇ ಗಂಜಿಯ ಪಾತ್ರೆ ಬಂದಿತ್ತು.

"ಮೆಕ್ಸಿಕೋದ ರೊಟ್ಟಿ ಮಾವಶಿ. ಒಳಗ ಸಮುದ್ರದ ಕೋಳಂಬಿ, ಅಂದ್ರ ಸೀಗಡಿ, ಇಟ್ಟು ಮಡಚೂದು" ಎಂದ ಹುಡುಗ. ಮೀನಿನ ಹೆಸರಿಗೇ ಸೆರಗು ಮೂಗಿಗೆ ಹೋಗುವ ಮನೆತನ ಅವರದು. ಗಂಜಿ ಬಂದ ದಾರಿಯಲ್ಲೇ ವಾಪಸಾಯಿತು.

ಅದನ್ನು ಮನೆಯಲ್ಲೇ ಮಾಡೋಣವೆಂದರೆ ಮೊದಲು ವಾರ ಹುಡುಕಬೇಕಾಯಿತು. ಅಮೆರಿಕದಲ್ಲಿ ಟ್ಯಾಕೊಗೆ ಮಂಗಳವಾರವೇ ಪ್ರಶಸ್ತವಂತೆ. 'ಟ್ಯಾಕೊ ಟ್ಯೂಸ್‌ಡೇ' ಎಂಬ ಎರಡು ಶಬ್ದಕ್ಕೆ ಅಲ್ಲಿನ ಒಂದು ಕಂಪನಿ 1989ರಿಂದ ಟ್ರೇಡ್‌ಮಾರ್ಕ್ ಹಿಡಿದು ಕೂತು, 2023ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಮಂಗಳವಾರಕ್ಕೆ ಟ್ರೇಡ್‌ಮಾರ್ಕ್ ತುಳಜಾಪುರದ ಭವಾನಿಯದು, ಆಕೆ ಬಿಡುವವಳಲ್ಲ. ಶುಕ್ರವಾರವೂ ದೇವಿಯದೇ. ಸೋಮವಾರ ಸೊಲ್ಲಾಪುರದ ಸಿದ್ಧರಾಮೇಶ್ವರ. ಗುರುವಾರ ಸ್ವಾಮಿ ಸಮರ್ಥರು. ಅವರ ಊರಿನಲ್ಲೇ ಇದ್ದು ಅವತ್ತು ಮೀನು ಎಂದವನಿಗೆ ನಿಜವಾಗಿಯೂ ಟಾಕಾ ಬೀಳುತ್ತದೆ. ಶನಿವಾರ ಮಾರುತಿ. ರವಿವಾರ ಮಟನ್‌ನದು, ಅದರ ತಂಟೆಗೆ ದೇವರೂ ಹೋಗುವುದಿಲ್ಲ. ಉಳಿದದ್ದು ಬಡಪಾಯಿ ಬುಧವಾರ.

ವಾರ ಸಿಕ್ಕಿತು, ಸಮುದ್ರ ಸಿಗಬೇಕಲ್ಲ. ಸೊಲ್ಲಾಪುರದವರಿಗೆ ನೀರೆಂದರೆ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಕಟ್ಟಿಸಿದ ಕೆರೆ; ಅದು ಬಿಟ್ಟರೆ ಭೀಮೆಗೆ ಕಟ್ಟಿದ ಉಜನಿ ಡ್ಯಾಮು. ಉಜನಿಯ ಚಿಲಾಪಿ ಮೀನು ತರೋಣವೆಂದೆ. "ಅದು ಸೀಫುಡ್ ಅಲ್ಲ ಕಾಕಾ" ಎಂದು ನನ್ನ ಬಾಯಿ ಮುಚ್ಚಿಸಿದ. ಸರಿ, ಸೊಲ್ಲಾಪುರದ ಬಜಾರಿಗೆ ಹೋಗಿ, ನಾಲ್ಕುನೂರು ಕಿಲೋಮೀಟರಿನಾಚೆಯಿಂದ ಬರ್ಫದಲ್ಲಿ ಮಲಗಿ ಬಂದ ಸೀಗಡಿಯನ್ನು ಒಂದು ಕಿಲೋ ತೂಗಿಸಿ, ಎಸ್ಟಿ ಬಸ್ಸು ಹತ್ತಿದೆ. ಬಸ್ಸಿನ ತುಂಬ ಸ್ವಾಮಿಭಕ್ತರು. ವಳಸಂಗ ದಾಟುವಷ್ಟರಲ್ಲಿ ಬರ್ಫ ಕರಗಿ ಚೀಲ ತೊಟ್ಟಿಕ್ಕತೊಡಗಿತು. ಮುಂದಿನ ಸೀಟಿನ ಅಜ್ಜಿ ಮೂಗೆಳೆದು ಅತ್ತ ನೋಡಿದಳು, ಇತ್ತ ನೋಡಿದಳು. ನಾನು ನನ್ನ ಪಕ್ಕದವನನ್ನು ನೋಡಿದೆ. ಆತ ಪಾಪ ಊರು ಮುಟ್ಟುವವರೆಗೂ ಕಿಟಕಿಯಿಂದ ಮುಖ ಒಳಗೆ ತರಲಿಲ್ಲ. ಸ್ವಾಮಿಗಳು ನನ್ನನ್ನು ಕ್ಷಮಿಸಲಿ, ಆತನಂತೂ ಕ್ಷಮಿಸಿರಲಾರ.

ಮನೆಯಲ್ಲಿ ರೊಟ್ಟಿಯ ರಾಮಾಯಣ ನಡೆದಿತ್ತು. ಟ್ಯಾಕೊದ ಆ ಗರಿಗರಿ ದೋಣಿ ಪುಣೆಯ ಮಾಲಿನಲ್ಲಿ ಮಾತ್ರ ಸಿಗುವುದಂತೆ, ತರಲು ಮರೆತನಂತೆ. ನನ್ನ ಹೆಂಡತಿಗೆ ಸಿಟ್ಟು ಬಂತು. "ಸೊಲ್ಲಾಪುರ ಜಿಲ್ಲಾದಾಗ ಕೂತು ರೊಟ್ಟಿ ಪುಣೇದಿಂದ ತರತೀಯೇನಪಾ?" ಮಾತು ಖರೆ. ಮಾಲದಂಡಿ ಜೋಳದ ತವರು ಇದು. ಡಬ್ಬಿಯಲ್ಲಿದ್ದ ಖಡಕ ರೊಟ್ಟಿ ತೆಗೆದು ಹುಡುಗ ಮಡಚಿದ. ಅದು ಹಪ್ಪಳದ ಹಾಗೆ ಚೂರಾಯಿತು. ಬಿಸಿ ರೊಟ್ಟಿ ಮಡಚಿದ, ಬೆನ್ನು ಸೀಳಿತು. ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಎಲ್ಲಿಂದ ಬರಬೇಕು? ಮೆಕ್ಸಿಕೋದವರು ಗೋವಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ದಾರಿಗೆ ತರುತ್ತಾರೆ, ನಮ್ಮವರು ಕುದಿನೀರು ಸುರಿದು ನಾದಿ ನಾದಿ ತರುತ್ತಾರೆ. ಕೊನೆಗೆ ಹೆಂಡತಿಯೇ ಯುಕ್ತಿ ತೆಗೆದಳು. ಅಂಗೈಯಗಲ ತೆಳ್ಳಗೆ ಬಡಿದು, ಹಂಚಿನ ಮೇಲೆ ಅರೆ ಬೇಯಿಸಿ, ಹಸಿ ಇರುವಾಗಲೇ ಲಟ್ಟಣಿಗೆಯ ಮೇಲೆ ಇಳಿಬಿಟ್ಟು ಒಲೆಯ ಕಾವಿಗೆ ಹಿಡಿದಳು. ಸೊಲ್ಲಾಪುರದ ಟವೆಲ್ ಒಣಹಾಕಿದಂತೆ ಸಾಲಾಗಿ ನೇತಾಡಿ ರೊಟ್ಟಿಗಳು ದೋಣಿಯಾದವು.

"ಮ್ಯಾಲೆ ಶೇಂಗಾ ಚಟ್ನಿ ಹಾಕೂಣು" ಎಂದೆ. "ಏ ಕಾಕಾ, ಅಸಲಿ ಮೆಕ್ಸಿಕನ್ ಆಗಬೇಕು" ಎಂದ. ಅಸಲಿ ಅಂತೆ! ವೆರಾಕ್ರೂಸ್ ಎಂಬ ಅಲ್ಲಿನ ಬಂದರಿನ ಕಡೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ ಎಣ್ಣೆಯಲ್ಲಿ ಹುರಿದು ಅರೆದು ಸಾಲ್ಸಾ ಮಾಚಾ ಎಂದು ಟ್ಯಾಕೊದ ಮೇಲೆ ಸುರಿಯುತ್ತಾರೆ. ನಮ್ಮ ಚಟ್ನಿ ಎಣ್ಣೆಯಲ್ಲಿ ಮುಳುಗಿದರೆ ಅದೇ. ಮೆಣಸಿನಕಾಯಿ ನಮಗೆ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಶೇಂಗಾ, ಟೊಮ್ಯಾಟೊ, ಗೋವಿನ ಜೋಳ ಎಲ್ಲದರ ತವರೂ ಅಮೆರಿಕ ಖಂಡವೇ. ಬಿಳಿಜೋಳ ಆಫ್ರಿಕಾದ್ದು, ಅವನು ಬೇಡವೆಂದ ಚಿಲಾಪಿಯೂ ಅಲ್ಲಿಯದೇ. ಈ ಅಡಗಿಮನೆಯಲ್ಲಿ ಊರವರೆಂದರೆ ನಾನು, ನನ್ನ ಹೆಂಡತಿ, ಅವ್ವ, ಲಟ್ಟಣಿಗೆ.

ಇಷ್ಟೆಲ್ಲ ಉಪನ್ಯಾಸ ಮಾಡಿದ ನಾನೇ ಸೀಗಡಿಯ ಒಲೆಯ ಮುಂದೆ ಇದ್ದೆ ಎಂಬುದನ್ನು ಮರೆತಿದ್ದೆ. ಎರಡು ಮೂರು ನಿಮಿಷಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಬೇಕು. ಮಟನ್ ಬೇಯಿಸಿ ರೂಢಿಯಾದ ಕೈ, ಇಪ್ಪತ್ತು ನಿಮಿಷ ಕುದಿಸಿದೆ. ತಲೆ, ಸಿಪ್ಪೆ ತೆಗೆದ ಮೇಲೆ ಕಿಲೋ ಅರ್ಧವಾಗಿತ್ತು, ಈಗ ಅದೂ ಮುದುಡಿ ರಬ್ಬರಿನ ವಾಷರ್ ಆಯಿತು. ಹುಡುಗ ಒಂದನ್ನು ಕಚ್ಚಿ ನನ್ನ ಮುಖ ನೋಡಿದ.

ಆಗ ಅವ್ವ ಮೂಲೆಯಿಂದ ಎದ್ದಳು. ಅಟ್ಟದ ಡಬ್ಬಿಯಲ್ಲಿ ವಾರದ ಬಜಾರಿನಿಂದ ತಂದಿಟ್ಟ ಸುಕಟ ಇತ್ತು, ಬಿಸಿಲಿಗೆ ಒಣಗಿದ ಉಗುರಿನಷ್ಟು ಸೀಗಡಿ. ಸಮುದ್ರ ನಮ್ಮೂರಿಗೆ ಬರುವುದೇ ಹಾಗೆ, ಉಸುಕಿನ ಸಮೇತ. ಜಾಡಿಸಿ, ಬರೀ ಹಂಚಿನ ಮೇಲೆ ಹುರಿದು, ತೊಳೆದು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖಾರದಲ್ಲಿ ಹೊರಳಿಸಿ, ಹುಣಸಿಹಣ್ಣಿನ ರಸ ಹಿಂಡಿದಳು. ದೋಣಿಗೆ ತುಂಬಿ, ಸಣ್ಣಗೆ ಹೆಚ್ಚಿದ ಕೋಬಿ, ಕಟ್ಟಿದ ಮೊಸರು, ಮೇಲೆ ಶೇಂಗಾ ಚಟ್ನಿ. ಹುಡುಗ ನಾಲ್ಕು ಇಳಿಸಿದ. ಅಸಲಿಯ ಮಾತು ಮತ್ತೆ ಎತ್ತಲಿಲ್ಲ.

ಸುಕಟ ಹುರಿದರೆ ಮೂರು ಓಣಿಗೆ ಸುದ್ದಿ. ಮಾವಶಿ ಕಿಟಕಿ ಮುಚ್ಚಿದ ಸಪ್ಪಳ ಕೇಳಿತು. ಸಂಜೆಗೆ ಗೋಡೆಯ ಮೇಲೆ ಮುಖ ಕಾಣಿಸಿತು. ಖಾಲಿ ದೋಣಿ ಉಳಿದಿದ್ದರೆ ನಾಲ್ಕು ಬೇಕಂತೆ, ಝುಣಕ ತುಂಬಿ ನೋಡುತ್ತಾರಂತೆ. ಮೀನು ಮುಟ್ಟಿಲ್ಲವೆಂದು ನಮ್ಮ ಲಟ್ಟಣಿಗೆಯ ಪರವಾಗಿ ಆಣೆ ಮಾಡಿ ಕೊಟ್ಟೆ.

ನಿನ್ನೆ ಹುಡುಗ ಫೋನ್ ಮಾಡಿದ್ದ. ಬರುವ ಬುಧವಾರ ಏಡಿ ತರುತ್ತಾನಂತೆ. ಕಾಲನಿರ್ಣಯ ಕ್ಯಾಲೆಂಡರ್ ತಿರುವಿದೆ. ಏಕಾದಶಿ.

"ಯಾಕ್ರೀ ಮುಖ ಸಣ್ಣದಾತು?" ಎಂದರು ಗೋಡೆಯಾಚೆಯ ಮಾವಶಿ. "ಟಾಕಾ ಬಿಚ್ಚಿದ್ರೇನು?"