ಫಾರ್ಮ್ಯಾಟ್ ಮಾಡಿಸೋ ಮುಂಚೆ

ಮೇಷ್ಟ್ರೇ, ಸ್ವಲ್ಪ ನಿಂತ್ಕೊಳ್ಳಿ. ಆ ಲ್ಯಾಪ್‌ಟಾಪನ್ನ ಈಗಲೇ ಅಂಗಡಿಗೆ ತಗೊಂಡು ಹೋಗಬೇಡಿ. ಇಲ್ಲಿ ಕಾಂಪೌಂಡಿನ ಮೇಲಿಡಿ, ಬಿಸಿಲು ಇನ್ನೂ ಈ ಕಡೆ ತಿರುಗಿಲ್ಲ. ಕಲ್ಯಾಣದುರ್ಗದಿಂದ ಮಗಳು ಕೊಟ್ಟು ಕಳಿಸಿದ್ದಾಳೆ ಅಂದ್ರಲ್ಲ, ಪಾವಗಡದ ಮೇಲೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದಿರುತ್ತೆ. ನಮ್ಮ ಕಡೆ ದಾರಿಯೇ ಹಾಗೆ. ಆಂಧ್ರದ ಕಲ್ಯಾಣದುರ್ಗದಿಂದ ಆಂಧ್ರದ ಹಿಂದೂಪುರಕ್ಕೆ ಬರೋಕೆ ನಡುವೆ ತುಮಕೂರು ಜಿಲ್ಲೆ ದಾಟಬೇಕು.

ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ನೋ ಬೂಟಬಲ್ ಡಿವೈಸ್’. ಇದನ್ನ ನೋಡಿದ ತಕ್ಷಣ ಎಲ್ಲರೂ ಹೇಳೋದು ಒಂದೇ, ವಿಂಡೋಸ್ ಹೋಯ್ತು, ಫಾರ್ಮ್ಯಾಟ್ ಮಾಡಿಸಿ ಅಂತ. ಹೋಗಿರಬಹುದು, ಹೋಗದೇನೂ ಇರಬಹುದು. ಈ ಸಾಲು ಹೇಳ್ತಿರೋದು ಇಷ್ಟೇ: ಎಲ್ಲಿಂದ ಶುರು ಮಾಡಬೇಕೋ ಅದು ನನಗೆ ಸಿಕ್ಕಲಿಲ್ಲ. ಮೊದಲು ಪಕ್ಕದಲ್ಲಿ ಪೆನ್‌ಡ್ರೈವ್ ಏನಾದ್ರೂ ಚುಚ್ಚಿಕೊಂಡೇ ಇದೆಯಾ ನೋಡಬೇಕು. ಆಮೇಲೆ ಪವರ್ ಬಟನ್ ಒತ್ತಿದ ಕೂಡಲೇ ಎಫ್2 ಒತ್ತುತ್ತಾ ಇರಿ, ಎಚ್‌ಪಿ ಆದರೆ ಎಫ್10. ಬಯಾಸ್ ತೆರೆದುಕೊಳ್ಳುತ್ತೆ. ಅಲ್ಲಿ ಡಿಸ್ಕಿನ ಹೆಸರು ಕಾಣಿಸಬೇಕು. ಕಾಣಿಸದೇ ಇದ್ದರೆ ವಿಂಡೋಸ್ ಹಾಕಿಸಿ ಪ್ರಯೋಜನವಿಲ್ಲ, ಡಿಸ್ಕೇ ಸಡಿಲವಾಗಿದೆ ಇಲ್ಲವೇ ಸತ್ತಿದೆ. ದಿನಾಂಕ ಹಳೇ ವರ್ಷಕ್ಕೆ ಹೋಗಿ ಕೂತಿದ್ದರೆ ಒಳಗಿನ ಸಣ್ಣ ಬ್ಯಾಟರಿ ಮುಗಿದು ಸೆಟ್ಟಿಂಗುಗಳೆಲ್ಲ ಕಲೆಸಿಹೋಗಿರುತ್ತವೆ. ಅಂಥ ಕಡೆ ಬೂಟ್ ಕ್ರಮ ಸರಿಮಾಡಿದರೇ ಎಷ್ಟೋ ಸಲ ಮಷೀನು ಎದ್ದು ಕೂರುತ್ತೆ.

ನಿಮ್ಮದರಲ್ಲಿ ಡಿಸ್ಕಿನ ಹೆಸರು ಬರ್ತಾ ಇದೆ, ದಿನಾಂಕವೂ ಸರಿ ಇದೆ. ಕಿವಿ ಹತ್ತಿರ ತನ್ನಿ, ಟಕ್ ಟಕ್ ಅಂತ ಸದ್ದೇನೂ ಇಲ್ಲ ತಾನೇ? ಒಳ್ಳೇದು. ಆ ಸದ್ದು ಬರೋ ಹಾರ್ಡ್‌ಡಿಸ್ಕನ್ನ ಮತ್ತೆ ಮತ್ತೆ ಆನ್ ಮಾಡಿ ನೋಡಬಾರದು, ಒಂದೊಂದು ಸಲಕ್ಕೂ ಒಳಗಿರೋದು ಇನ್ನಷ್ಟು ಹಾಳಾಗುತ್ತೆ. ಇದಕ್ಕೆ ಅಪ್‌ಡೇಟ್ ಆಗ್ತಿರೋವಾಗ ಕರೆಂಟ್ ಹೋಗಿರಬೇಕು. ಬ್ಯಾಟರಿ ನಿಲ್ಲದ ಹಳೇ ಲ್ಯಾಪ್‌ಟಾಪುಗಳಿಗೆ ನಮ್ಮೂರುಗಳಲ್ಲಿ ಇದು ತಪ್ಪಿದ್ದಲ್ಲ.

ಹೊಸದಾಗಿ ಓಎಸ್ ಹಾಕಲೇಬೇಕು, ಸರಿ. ಆದರೆ ಅಂಗಡಿಯಲ್ಲಿ ಕೇಳ್ತಾರಲ್ಲ, ‘ಒಳಗೆ ಡೇಟಾ ಏನಾದ್ರೂ ಬೇಕಾ ಸಾರ್’ ಅಂತ, ಆಗ ನಾವು ಯೋಚನೆಯೇ ಮಾಡದೆ ‘ಏನೂ ಇಲ್ಲಪ್ಪ’ ಅಂದುಬಿಡ್ತೀವಿ. ನನಗೆ ಸಂಕಟ ಆಗೋದು ಅಲ್ಲೇ. ಅವರದ್ದು ತಪ್ಪಿಲ್ಲ, ಕೇಳಿದ್ದಾರೆ. ವಿಂಡೋಸನ್ನ ಮೈಕ್ರೋಸಾಫ್ಟ್ ತಾಣದಿಂದ ಯಾವಾಗ ಬೇಕಾದ್ರೂ ಇಳಿಸಿಕೊಳ್ಳಬಹುದು. ಮಡಕಶಿರದ ಕನ್ನಡ ಮೀಡಿಯಂ ಮಕ್ಕಳಿಗೆ ಅಂತ ನೀವು ಕೂತು ಬರೆದ ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ ಯಾವ ತಾಣದಲ್ಲೂ ಇಲ್ಲ. ಗಡಿಯ ಈ ಕಡೆ ಕನ್ನಡದಲ್ಲಿ ಪಾಠದ ಸಾಮಗ್ರಿ ಸಿಗೋದೇ ಕಷ್ಟ, ಮೇಷ್ಟರೇ ಬರೆದುಕೊಳ್ಳಬೇಕು, ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದಕ್ಕೇ ಮೊದಲು ಒಳಗಿರೋದನ್ನ ಹೊರಗೆ ತೆಗೆಯೋಣ. ವಿಂಡೋಸ್ ಏಳದಿದ್ದರೂ ಡಿಸ್ಕಿನಲ್ಲಿ ಫೈಲುಗಳು ಹಾಗೇ ಇರುತ್ತವೆ. ನಮ್ಮನೆ ಕಂಪ್ಯೂಟರಿನಲ್ಲಿ ಉಬುಂಟು ಇಳಿಸಿಕೊಂಡು, ರೂಫಸ್ ಅನ್ನೋ ಪುಟ್ಟ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಹಾಕ್ತೀನಿ. ಖಾಲಿ ಪೆನ್‌ಡ್ರೈವೇ ಕೊಡಿ, ಮೊಮ್ಮಗನ ನಾಮಕರಣದ ಫೋಟೋ ಇರೋದು ಬೇಡ, ಪೂರ್ತಿ ಅಳಿಸಿಹೋಗುತ್ತೆ. ಆಮೇಲೆ ಎಫ್12 ಒತ್ತಿ ಪೆನ್‌ಡ್ರೈವಿನಿಂದ ಬೂಟ್ ಮಾಡೋದು. ‘ಟ್ರೈ ಉಬುಂಟು’ ಅಂತ ಬರುತ್ತೆ, ಅದನ್ನೇ ಒತ್ತಬೇಕು, ಇನ್‌ಸ್ಟಾಲ್ ಅನ್ನೋದನ್ನಲ್ಲ. ಆಗ ಅದು ಡಿಸ್ಕನ್ನ ಮುಟ್ಟದೆ ಪೆನ್‌ಡ್ರೈವು ಮತ್ತು ರ‍್ಯಾಮಿನಲ್ಲೇ ಓಡುತ್ತೆ. ಫೈಲ್ಸ್ ತೆರೆದರೆ ನಿಮ್ಮ ವಿಂಡೋಸ್ ಡಿಸ್ಕು ಕಾಣುತ್ತೆ. ಯೂಸರ್ಸ್ ಫೋಲ್ಡರಿನೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲ ಇರುತ್ತೆ, ಎತ್ತಿ ಇನ್ನೊಂದು ಡಿಸ್ಕಿಗೆ ಹಾಕಿಕೊಳ್ಳೋದು. ಬಿಟ್‌ಲಾಕರ್ ಬೀಗ ಇದ್ದರೆ ಮಾತ್ರ 48 ಅಂಕಿಯ ಕೀ ಕೇಳುತ್ತೆ. ಮಗಳು ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಬಹುಮಟ್ಟಿಗೆ ಆ ಖಾತೆಯಲ್ಲೇ ಇರುತ್ತೆ, ಫೋನಿನಲ್ಲೇ ನೋಡಿ ಹೇಳಬಹುದು.

ಇನ್ನೊಂದು ಜಾಗ ಯಾರಿಗೂ ನೆನಪಾಗಲ್ಲ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿರೋ ಫಾಂಟ್ಸ್. ನೀವು ನುಡಿ ತಂತ್ರಾಂಶದಲ್ಲಿ ಬರೆದವರು. ನುಡಿಯ ಅಕ್ಷರಗಳು ಆ ಫೋಲ್ಡರಿನಲ್ಲಿವೆ, ಫಾರ್ಮ್ಯಾಟ್ ಮಾಡಿದರೆ ವಿಂಡೋಸಿನ ಜೊತೆಗೇ ಹೋಗುತ್ತವೆ. ಆಮೇಲೆ ಏನಾಗುತ್ತೆ ಗೊತ್ತಾ? ಹೊಸ ವಿಂಡೋಸಿನಲ್ಲಿ ನಿಮ್ಮ ಹಳೇ ಫೈಲ್ ತೆರೆದರೆ ‘ಕನ್ನಡ’ ಅಂತ ಇದ್ದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಮೇಲೆ ಗೀಟು ಎಳೆದ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ಗುರುತು! ಪುಟದ ತುಂಬ ಇದೇ. ವೈರಸ್ ಹೊಡೆದಿದೆ ಅಂದುಕೊಂಡು ಇಂಥ ಫೈಲುಗಳನ್ನ ಅಳಿಸಿಬಿಡೋರಿದ್ದಾರೆ. ಏನೂ ಆಗಿರಲ್ಲ ಮೇಷ್ಟ್ರೇ. ಯೂನಿಕೋಡ್ ಬಳಕೆಗೆ ಬರೋ ಮುಂಚೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನ ಕೂರಿಸಿ ಫಾಂಟ್ ಮಾಡ್ತಿದ್ದರು. ಆ ಫಾಂಟ್ ಮತ್ತೆ ಹಾಕಿದರೆ ಪ್ರಶ್ನೆಪತ್ರಿಕೆ ಇದ್ದ ಹಾಗೇ ಕಣ್ಣಮುಂದೆ ಬರುತ್ತೆ.

ಬೆಂಗಳೂರಿನಲ್ಲಾದರೆ ಅಂಗಡಿಯವರೇ ನುಡಿಯನ್ನೋ ಬರಹವನ್ನೋ ಹಾಕಿಕೊಡ್ತಾರೆ. ಇಲ್ಲಿ ತೆಲುಗು ಡಿಟಿಪಿಗೆ ಬೇಕಾದ ಅನು ಫಾಂಟ್ ಸಿಗುತ್ತೆ, ಕನ್ನಡದ್ದು ಕೇಳಿದರೆ ಮುಖ ಮುಖ ನೋಡ್ತಾರೆ. ಹಿಂದೂಪುರದ ಅಂಗಡಿಯಲ್ಲಿ ತೆಲುಗು ಇರಬೇಕಾದ್ದೇ, ಅದಕ್ಕೆ ನನ್ನ ತಕರಾರಿಲ್ಲ. ಎರಡೂ ನಮ್ಮವೇ, ಬೆಳಗಿಂದ ಸಂಜೆವರೆಗೆ ಎರಡರಲ್ಲೂ ಮಾತಾಡ್ತೀವಿ. ಆದರೆ ಕನ್ನಡದ್ದನ್ನ ನಾವೇ ಕೇಳಿ ಹಾಕಿಸಿಕೊಳ್ಳಬೇಕು. ಕೇಳೋದು ನಿಲ್ಲಿಸಿದರೆ ಇಲ್ಲಿ ಅದನ್ನ ಬಲ್ಲವರೂ ಇಲ್ಲವಾಗ್ತಾರೆ.

ಕಂಪ್ಯೂಟರಿನೊಳಗೆ ಮಾತ್ರ ಈ ಎರಡು ಲಿಪಿಗಳಿಗೂ ಒಳ್ಳೇ ಜಾಗ ಸಿಕ್ಕಿದೆ. ಯೂನಿಕೋಡಿನಲ್ಲಿ ಒಂದೊಂದಕ್ಕೂ 128 ಸ್ಥಾನ, ತೆಲುಗಿನದು ಮುಗಿದ ಕಡೆಯೇ ಕನ್ನಡದ್ದು ಶುರು, ನಿಮ್ಮನೆ ನಮ್ಮನೆ ಇದ್ದ ಹಾಗೆ ನಡುವೆ ಒಂದು ಗೋಡೆ ಅಷ್ಟೇ. ತೆಲುಗಿನ ಕ ಎಲ್ಲಿದೆಯೋ ಅಲ್ಲಿಂದ ಸರಿಯಾಗಿ 128 ಮನೆ ಮುಂದೆ ನಮ್ಮ ಕ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಂತೂ ಎರಡಕ್ಕೂ ಕೀಲಿ ಒಂದೇ. ವಿಂಡೋಸ್ ಗುಂಡಿ ಜೊತೆ ಸ್ಪೇಸ್ ಒತ್ತಿದರೆ ತೆಲುಗಿನಿಂದ ಕನ್ನಡಕ್ಕೆ ಬರಬಹುದು, ಬೆರಳಿನ ಜಾಗ ಬದಲಾಗಲ್ಲ. ಎರಡು ಭಾಷೆಯ ಅರ್ಜಿ ಬರೆಯೋ ನಮ್ಮಂಥವರಿಗೆ ಇದಕ್ಕಿಂತ ಅನುಕೂಲ ಬೇಕಾ? ನಿಮಗೆ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ ಅಭ್ಯಾಸ. ಲಿನಕ್ಸಿನಲ್ಲಿ ಅದು ಕಗಪ ಅನ್ನೋ ಹೆಸರಿನಲ್ಲಿ ಜೊತೆಗೇ ಬರುತ್ತೆ.

ಲಿನಕ್ಸ್ ಅಂದೆ, ಯಾಕೆ ಅಂದರೆ ಅದೂ ಯೋಚನೆ ಮಾಡಬೇಕಾದ್ದೇ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ನಿಮ್ಮದು ಅದಕ್ಕಿಂತ ಹಳೇದಾದರೆ ಲಿನಕ್ಸ್ ಮಿಂಟ್ ಹಾಕಿಬಿಡೋಣ. ದುಡ್ಡಿಲ್ಲ, ಕೀ ಇಲ್ಲ, ಬರವಣಿಗೆಗೆ ಲಿಬ್ರೆ ಆಫೀಸ್ ಇರುತ್ತೆ, ನುಡಿ ಫಾಂಟನ್ನ ಅದಕ್ಕೂ ಹಾಕಬಹುದು. ವಿಂಡೋಸೇ ಬೇಕು ಅಂತ ಮಗಳು ಹೇಳಿದರೆ ಕೀ ಕೊಂಡುಕೊಳ್ಳೋಕೂ ಹೋಗಬೇಡಿ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್ ತಾನೇ, ಅದರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ. ಕೀ ಕೇಳಿದಾಗ ಇಲ್ಲ ಅಂದು ಮುಂದೆ ಹೋಗಿ, ಮೊದಲಿದ್ದ ಹೋಮ್ ಆವೃತ್ತಿಯನ್ನೇ ಆರಿಸಿದರೆ ನೆಟ್ ಸಿಕ್ಕಮೇಲೆ ತಾನೇ ಆಕ್ಟಿವೇಟ್ ಆಗುತ್ತೆ. ಯಾರಾದ್ರೂ ಕ್ರ್ಯಾಕ್ ಹಾಕಿಕೊಡ್ತೀನಿ, ಆಂಟಿವೈರಸ್ ಆಫ್ ಮಾಡಿ ಅಂದರೆ ಖಂಡಿತ ಬೇಡ ಅನ್ನಿ. ನಿಮ್ಮ ಪೆನ್ಷನ್ ಖಾತೆ ನೋಡೋದೂ ಇದೇ ಲ್ಯಾಪ್‌ಟಾಪಿನಲ್ಲಿ.

ಹಾಕೋವಾಗ ಎಚ್ಚರ ತಪ್ಪಬಾರದ ಪರದೆ ಒಂದೇ ಒಂದು. ‘ವಿಂಡೋಸ್ ಎಲ್ಲಿ ಹಾಕಬೇಕು’ ಅಂತ ಕೇಳಿ ಡ್ರೈವ್ 0 ಪಾರ್ಟಿಷನ್ 1, 2, 3 ಅಂತ ಪಟ್ಟಿ ಕೊಡುತ್ತೆ. ಅಲ್ಲಿ ಸಿ, ಡಿ ಅನ್ನೋ ಅಕ್ಷರ ಇರಲ್ಲ. ಮುಂದಿರೋ ಗಾತ್ರ ನೋಡಿ ಯಾವುದು ಯಾವುದು ಅಂತ ತಿಳಿಯಬೇಕು. ಅವಸರದಲ್ಲಿ ಎಲ್ಲಾನೂ ಡಿಲೀಟ್ ಒತ್ತಿದರೆ ಡಿ ಡ್ರೈವಿನಲ್ಲಿಟ್ಟಿದ್ದೂ ಹೋಗುತ್ತೆ. ಫೈಲು ಹೊರಗೆ ಬಂದಿವೆ, ಬೇರೆ ಕಂಪ್ಯೂಟರಿನಲ್ಲಿ ಒಂದೆರಡು ತೆರೆದೂ ನೋಡಿದ್ದೀವಿ ಅಂತಾದ ಮೇಲೆಯೇ ನಾನು ಆ ಪರದೆ ದಾಟೋದು.

ಇದೆಲ್ಲ ಮುಗಿದ ಮೇಲೆ ನಿಮ್ಮ ಪಾಲಿನ ಕೆಲಸ ಒಂದಿದೆ. ನುಡಿಯ ಹಳೇ ಫೈಲುಗಳನ್ನ ಯೂನಿಕೋಡಿಗೆ ತಿರುಗಿಸೋಣ, ಅದಕ್ಕೆ ಪರಿವರ್ತಕಗಳಿವೆ. ತಿರುಗಿಸಿದರೆ ಕಲ್ಯಾಣದುರ್ಗದಲ್ಲಿ ಮಗಳು ಫೋನಿನಲ್ಲೇ ಓದಬಹುದು, ಯಾವ ಫಾಂಟೂ ಹಾಕಿಕೊಳ್ಳಬೇಕಿಲ್ಲ. ಆದರೆ ಪರಿವರ್ತಕ ಅಲ್ಲಲ್ಲಿ ಎಡವುತ್ತೆ. ಒತ್ತಕ್ಷರ, ಅರ್ಕಾವೊತ್ತು, ನಡುವೆ ಬರೋ ಇಂಗ್ಲಿಷ್ ಪದ, ಲೆಕ್ಕದ ಗುರುತು, ಇವನ್ನ ಕೂತು ನೋಡಬೇಕು, ಅದು ನಿಮ್ಮ ಕಣ್ಣಿಗೇ ಆಗಬೇಕಾದ ಕೆಲಸ. ನೋಡಿ ಮುಗಿಯೋವರೆಗೆ ಮೂಲ ಫೈಲನ್ನೂ ಅದರ ಫಾಂಟನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟಿರೋಣ. ಈಗ ಚಾರ್ಜರ್ ತಂದುಕೊಡಿ, ಹಾಗೇ ಮಗಳಿಗೆ ಒಂದು ಫೋನ್ ಮಾಡಿ ಬಿಟ್‌ಲಾಕರ್ ಹಾಕಿದ್ದಾಳಾ ಕೇಳಿ.