ಎರಡೇ ಕಿಲೋಮೀಟರ್

ಶಿವರಾತ್ರಿಗೆಂದು ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವ ಪ್ರತಿ ಗುಂಪಿನಲ್ಲೂ ಹೆಸರಿಗಿಂತ ಮೊದಲು ಸಂಖ್ಯೆ ಹೇಳುವವರೊಬ್ಬರು ಇದ್ದೇ ಇರುತ್ತಾರೆ. ‘ಇದು ನಂದು ಹದಿನಾರನೇ ಸಲ’ ಎಂದರು ನಮ್ಮ ಗುಂಪಿನವರು. ಆಮೇಲೆ ಹೆಸರು ಕೇಳುವ ಪ್ರಮೇಯವೇ ಬರಲಿಲ್ಲ. ಹದಿನಾರಣ್ಣ ಎಂದೇ ಕರೆದೆವು.

ಗುರುತಿಸುವುದು ಸುಲಭ. ಹೊಸಬರು ಹೊಸ ಬೂಟು ಬಿಗಿದುಕೊಂಡು ಬಂದರೆ ಹದಿನಾರಣ್ಣನ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಹೆಗಲಲ್ಲಿ ಟವೆಲ್ಲು, ಜೇಬಲ್ಲಿ ವ್ಯಾಸಲೀನ್. ಬ್ಯಾಗು ಹಿಂದೆ ಬರುವ ಲಗೇಜು ಟೆಂಪೊದಲ್ಲಿ. ಉಪದೇಶವನ್ನು ಮಾತ್ರ ತಾವೇ ಹೊರುತ್ತಾರೆ. ನೆಲಮಂಗಲ ದಾಟುವಷ್ಟರಲ್ಲಿ ನನ್ನ ಬೂಟು ನೋಡಿ, ‘ಕುಣಿಗಲ್ಲಿಗೆ ಗುಳ್ಳೆ ಏಳುತ್ತೆ’ ಎಂದು ಪಂಚಾಂಗ ಓದಿದವರಂತೆ ನುಡಿದರು. ಕುಣಿಗಲ್ಲಿನಲ್ಲಿ ಎದ್ದಿತು. ಗುಳ್ಳೆಗಿಂತ ಅವರ ಮುಖದ ಸಮಾಧಾನವೇ ಹೆಚ್ಚು ಉರಿಯಿತು.

ಅವರ ಭೂಪಟದಲ್ಲಿ ಊರುಗಳಿಲ್ಲ, ಊಟಗಳಿವೆ. ‘ಮೊದಲು ಮಜ್ಜಿಗೆ, ಆಮೇಲೆ ಕಲ್ಲಂಗಡಿ, ಅದರ ಮುಂದಿನ ತಿರುವಲ್ಲಿ ಚಿತ್ರಾನ್ನ.’ ದಾರಿಯುದ್ದಕ್ಕೂ ಪುಣ್ಯಾತ್ಮರು ಶಾಮಿಯಾನ ಹಾಕಿ ಹಂಚುವುದನ್ನೆಲ್ಲ ತಿಂದು, ಕೈ ತೊಳೆಯುತ್ತಾ, ‘ಹೋದ ವರ್ಷ ಉಪ್ಪು ಸರಿಯಾಗಿತ್ತು’ ಎಂದು ಷರಾ ಬರೆಯುತ್ತಾರೆ.

ಆದರೆ ಅವರ ಅಸಲು ಪ್ರತಿಭೆ ಇರುವುದು ಲೆಕ್ಕದಲ್ಲಿ.

‘ಇನ್ನೆಷ್ಟು ದೂರ ಅಣ್ಣಾ?’

‘ಇನ್ನೇನು, ಎರಡೇ ಕಿಲೋಮೀಟರ್!’

ಯಡಿಯೂರಿಗೆ ಎರಡೇ, ಚನ್ನರಾಯಪಟ್ಟಣಕ್ಕೆ ಎರಡೇ, ಹಾಸನಕ್ಕೂ ಎರಡೇ. ಸುಮಾರು 300 ಕಿಲೋಮೀಟರ್ ದಾರಿಯನ್ನು ಎರಡೆರಡರ ಕಂತು ಮಾಡಿ ನಮ್ಮಿಂದ ವಸೂಲು ಮಾಡಿದರು. ಬೇಲೂರಿನಾಚೆ ನಾನು ಮೈಲಿಗಲ್ಲು ತೋರಿಸಿ ಜಗಳಕ್ಕೆ ನಿಂತೆ. ‘ಕಲ್ಲಿನ ಮಾತು ಕೇಳ್ತೀಯಲ್ಲಯ್ಯಾ, ಅದು ಯಾವತ್ತಾದ್ರೂ ನಡೆದಿದೆಯಾ?’ ಎಂದು ಮುಂದೆ ಹೋದರು.

ಮೂಡಿಗೆರೆಯ ಕಾಫಿ ತೋಟಗಳು ಕಳೆದು ಕೊಟ್ಟಿಗೆಹಾರ ಬಂತು. ಮುಂದೆ ಚಾರ್ಮಾಡಿ ಘಾಟಿ. ಇನ್ನೇನು ಇಳಿಜಾರು ಎಂದು ನಾವು ಹಿಗ್ಗಿದರೆ, ‘ಹತ್ತುವಾಗ ಉಸಿರು ಹೋಗುತ್ತೆ, ಇಳಿಯುವಾಗ ಉಗುರು ಹೋಗುತ್ತೆ’ ಎಂದರು. ಈ ಒಂದು ವಿಷಯದಲ್ಲಿ ಅವರು ಸುಳ್ಳಾಡಿರಲಿಲ್ಲ. ಒಂದು ಪಕ್ಕ ಪ್ರಪಾತ, ಬೆನ್ನಿಗೆ ಬಸ್ಸಿನ ಹಾರನ್ನು, ತಡೆಗೋಡೆಯ ಮೇಲೆ ನಮ್ಮ ಬಾಳೆಹಣ್ಣಿಗಾಗಿ ಸಾಲು ಕುಳಿತ ಕೋತಿಗಳು. ತಿರುವು ತಿರುವಿಗೂ ಹೆಬ್ಬೆರಳು ಬೂಟಿನ ಮೂತಿಗೆ ಗುದ್ದುತ್ತಿತ್ತು, ಮೊಣಕಾಲು ಬೇರೆಯವರದೆನಿಸುತ್ತಿತ್ತು. ಮಲೆನಾಡಿನ ತಂಪು ಮೇಲೆಯೇ ಉಳಿದು, ಕೆಳಗಿನಿಂದ ಸೆಕೆ ನಮ್ಮನ್ನು ಎದುರುಗೊಳ್ಳಲು ಹತ್ತಿ ಬಂತು. ಹದಿನಾರಣ್ಣ ಮಾತ್ರ ಪ್ರತಿ ತಿರುವಿನಲ್ಲೂ ನಿಂತು, ಎರಡು ಬೆರಳೆತ್ತಿ ತೋರಿಸುತ್ತಿದ್ದರು.

ಕೊನೆಗೆ ನೇತ್ರಾವತಿ. ಮಿಂದು ದಡದಲ್ಲಿ ಬಿದ್ದುಕೊಂಡೆವು. ‘ಏಳ್ರಪ್ಪಾ, ಎರಡೇ ಕಿಲೋಮೀಟರ್’ ಎಂದರು. ಒಬ್ಬರೂ ಮಿಸುಕಲಿಲ್ಲ. ಹತ್ತಿರದ ಅಂಗಡಿಯವನನ್ನು ಕೇಳಿದೆ. ‘ಹೌದು ಮಾರಾಯ್ರೆ, ಎರಡು, ಎರಡೂವರೆ ಅಷ್ಟೇ’ ಎಂದ. ಇಷ್ಟು ದಿನದಲ್ಲಿ ಮೊದಲ ಸಲ ಅವರ ಲೆಕ್ಕ ನಿಜವಾಗಿತ್ತು. ಅದು ಅವರಿಗೂ ಅಷ್ಟಾಗಿ ಹಿಡಿಸಿದಂತೆ ಕಾಣಲಿಲ್ಲ.

ಆ ರಾತ್ರಿ ಜಾಗರಣೆಯಲ್ಲಿ ಕಾಲು ನೀವಿಕೊಳ್ಳುತ್ತಾ ಯೋಚಿಸಿದೆ. ನಿಜವಾದ ಲೆಕ್ಕವನ್ನು ಯಾರಾದರೂ ನೆಲಮಂಗಲದಲ್ಲೇ ಹೇಳಿದ್ದರೆ ಅಲ್ಲಿಂದಲೇ ಬಸ್ಸು ಹತ್ತಿ ಮನೆಗೆ ಹೋಗಿರುತ್ತಿದ್ದೆ.

ಮರುವರ್ಷ ಹವಾಯಿ ಚಪ್ಪಲಿ ಮೆಟ್ಟಿ ಹೊರಟೆ. ಉಜಿರೆಯಲ್ಲಿ ಹೊಸ ಬೂಟಿನ ಹುಡುಗನೊಬ್ಬ ಕುಂಟುತ್ತಾ ಬಂದು, ‘ಇನ್ನೆಷ್ಟು ದೂರ ಅಣ್ಣಾ?’ ಎಂದ.

‘ಇನ್ನೇನು, ಎರಡೇ ಕಿಲೋಮೀಟರ್’ ಎಂದೆ.

ಉಜಿರೆಯಿಂದ ಧರ್ಮಸ್ಥಳಕ್ಕೆ 9 ಕಿಲೋಮೀಟರ್.