ಹಿಮಾಲಯಕ್ಕೆ ಹೊರಟ ನಮ್ಮೂರ ತಮ್ಮ-ತಂಗಿಯರಿಗೆ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ನಿಮ್ಮಲ್ಲಿ ಹಲವರು ಹಿಮಾಲಯಕ್ಕೆ ಹೊರಟಿದ್ದೀರಿ. ಕೇದಾರಕಂಠಕ್ಕೆ ಹೋಗುವವರಿದ್ದೀರಿ, ಅದಕ್ಕೂ ಎತ್ತರದ ಹಾದಿ ಹಿಡಿಯುವವರೂ ಇದ್ದೀರಿ. ಹೋಗಿ ಬನ್ನಿ. ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಕಾಲಿನ ಕಸುವಿನ ಬಗ್ಗೆ ನನಗೆ ಹೆಮ್ಮೆಯಿದೆ. ನನ್ನ ಅಂಜಿಕೆಗೂ ಆ ಕಸುವೇ ಕಾರಣ.

ಸೊಪ್ಪಿನ ಬೆಟ್ಟ ಹತ್ತಿ, ಹೊರೆ ಹೊತ್ತು ಇಳಿದು ಬೆಳೆದವರು ನೀವು. ಜೇನುಕಲ್ಲು ಗುಡ್ಡ, ಯಾಣದ ಹಾದಿ ನಿಮಗೆ ಸಂಜೆಯ ತಿರುಗಾಟವಿದ್ದ ಹಾಗೆ. ಪೇಟೆಯ ಗೆಳೆಯರು ಏದುಸಿರು ಬಿಡುವ ಏರಿನಲ್ಲಿ ನೀವು ಮಾತಾಡುತ್ತ ನಡೆಯುತ್ತೀರಿ. ಆದರೆ ನಮ್ಮ ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. 4,000 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕುಮಟೆಯ ಕಡಲ ತಡಿಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲೂ ಇಲ್ಲ. ದೇಹ ಅದಕ್ಕೆ ಒಗ್ಗಲು ದಿನಗಳೇ ಬೇಕು. ಕಾಲು ಗಟ್ಟಿಯಿದ್ದ ಮಾತ್ರಕ್ಕೆ ಆ ದಿನಗಳು ಕಡಿಮೆಯಾಗುವುದಿಲ್ಲ. ಗಟ್ಟಿ ಕಾಲಿನವರು ಸರಸರ ಹತ್ತಿಬಿಡುತ್ತಾರೆ, ದೇಹ ಹಿಂದೆ ಉಳಿಯುತ್ತದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಯದಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ.

ಹಾಗೆ ಅವಸರದಿಂದ ಏರಿದರೆ ಸಂಜೆ ಡೇರೆಯಲ್ಲಿ ತಲೆ ಸಿಡಿಯತೊಡಗುತ್ತದೆ. ಊಟ ಸೇರುವುದಿಲ್ಲ, ವಾಂತಿ ಬಂದಂತಾಗುತ್ತದೆ. ಹೇಳಿದರೆ ಕೆಳಗೆ ಕಳಿಸಿಬಿಟ್ಟಾರು ಎಂದು ಗುಟ್ಟಾಗಿ ಒಂದು ಮಾತ್ರೆ ನುಂಗಿ ಮುಸುಕೆಳೆಯಬೇಡಿ. ಪಕ್ಕದವರಿಗೆ ಹೇಳಿ, ಗೈಡಿಗೆ ಹೇಳಿ. ಗೆಳೆಯನ ನಡಿಗೆ ವಾಲುತ್ತಿದೆ ಅನ್ನಿಸಿದರೆ ಒಂದು ಕಾಲಿನ ಬೆರಳ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ಗೆರೆಯಲ್ಲಿ ನಡೆಸಿ ನೋಡಿ. ತಪ್ಪಿದರೆ ಮಿದುಳಿಗೆ ನೀರು ತುಂಬುತ್ತಿದೆ ಎಂದೇ ತಿಳಿಯಬೇಕು. ಸುಮ್ಮನೆ ಕೂತಾಗಲೂ ಮೇಲುಸಿರು ಬರುತ್ತಿದ್ದರೆ ಶ್ವಾಸಕೋಶದ ಸರದಿ. ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯಾದರೂ ಜೊತೆ ಮಾಡಿ ಇಳಿಸಿ. ಇಳಿಯುವುದೇ ಮುಖ್ಯ ಮದ್ದು, ಮಿಕ್ಕಿದ್ದೆಲ್ಲ ಅದರ ಜೊತೆಗೆ. ಎತ್ತರಕ್ಕೆ ಒಗ್ಗಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎನ್ನುವುದನ್ನು ಹೊರಡುವ ಮುಂಚೆ ಊರಿನ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಇನ್ನೊಂದು, ತೋಯುವುದು. ನಮ್ಮ ಮಳೆಗಾಲದಲ್ಲಿ ದಿನವಿಡೀ ತೋಯ್ದರೂ ಮನೆಗೆ ಬಂದು ಬಚ್ಚಲ ಒಲೆಯ ಮುಂದೆ ಕೂತರೆ ಮುಗಿಯಿತು. ಅಲ್ಲಿ ಒದ್ದೆ ಹತ್ತಿ ಬಟ್ಟೆಯ ಮೇಲೆ ಗಾಳಿ ಬೀಸಿದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ನಡುಕ ನಿಂತು ಮಾತು ತೊದಲಿದರೆ ಗೆಳೆಯ ಸುಧಾರಿಸಿದ ಎಂದುಕೊಳ್ಳಬೇಡಿ, ಕೈಮೀರುತ್ತಿದ್ದಾನೆ.

2024ರ ಜೂನ್ ಮೊದಲ ವಾರ ನೆನಪಿದೆಯಲ್ಲ? ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ 22 ಜನರ ತಂಡ, ಅದರಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರೇ, ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು. ವಾಯುಪಡೆಯ ಹೆಲಿಕಾಪ್ಟರ್‌ಗಳು ಹೋದವು, ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೇ ಹೋಗಿ ನಿಂತರು. ಸತ್ತವರು ಅರಿಯದ ಹುಡುಗರಲ್ಲ, ಬೆಟ್ಟ ಹತ್ತಿ ಅನುಭವವಿದ್ದವರೂ ಅವರಲ್ಲಿದ್ದರು. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆ ಸುದ್ದಿ ಓದಿದ ದಿನ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಫೋನ್ ಹೋಯಿತು ಎಂಬುದು ನಿಮಗೂ ಗೊತ್ತು.

ಅಡಿಕೆ ತೋಟದಲ್ಲಿ ಕೊಳೆ ಔಷಧಿ ಹೊಡೆಯುವ ಕಾಲವನ್ನು ನೆನೆಸಿಕೊಳ್ಳಿ. ಮರ ಹತ್ತುವ ಕೊನೆಗೌಡ ಬುಡಕ್ಕೆ ಬಂದು, ಕತ್ತೆತ್ತಿ ನೋಡಿ, "ಮರ ಜಾರ್ತದೆ, ಇವತ್ತು ಆಗೂದಿಲ್ಲ ಹೆಗಡೇರೆ" ಅಂದರೆ ಯಾವ ಹೆಗಡೇರೂ ವಾದ ಮಾಡುವುದಿಲ್ಲ. ಕಾಯಿ ಉದುರಿ ಹೋದರೂ ಹೊಳವಾಗುವ ತನಕ ಕಾಯುತ್ತಾರೆ. ಗಢವಾಲದ ಗೈಡು ಮೋಡ ನೋಡಿ ವಾಪಸ್ ಅಂದಾಗ ಅದೇ ಮರ್ಯಾದೆ ಕೊಡಿ. ದುಡ್ಡು ಕೊಟ್ಟು ಬಂದಿದ್ದೇವೆ ಎಂಬ ಮಾತು ಬಾಯಿಗೆ ಬರಬಾರದು. ಆ ಸೀಮೆಯವರ ಮಾತು ಕೇಳಿ ನಮಗೆ ಒಳಿತೇ ಆಗಿದೆ. ತೆಹ್ರಿಯ ಸುಂದರಲಾಲ್ ಬಹುಗುಣರು ಇಲ್ಲಿಗೆ ಬಂದು, ಮರ ಅಪ್ಪಿ ಕಾಡು ಉಳಿಸಿದ ಚಿಪ್ಕೊ ಚಳವಳಿಯ ಕಥೆ ಹೇಳಿದ ಮೇಲಲ್ಲವೇ 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಮರ ಅಪ್ಪಿದ್ದು?

ದುಡ್ಡು ಕಟ್ಟುವ ಮುಂಚೆ ಆಯೋಜಕರನ್ನು ಬಿಡದೆ ಕೇಳಿ. ಹಿಂತಿರುಗುವ ತೀರ್ಮಾನ ಯಾರದು? ಆಮ್ಲಜನಕದ ಸಿಲಿಂಡರ್ ಯಾವ ಡೇರೆಯಲ್ಲಿರುತ್ತದೆ? ಒಬ್ಬರು ಕೆಳಗಿಳಿಯಬೇಕಾದರೆ ಜೊತೆಗೆ ಹೋಗುವವರು ಯಾರು? ಶಿಖರ ಮುಟ್ಟಿಸಿಯೇ ಕಳಿಸುತ್ತೇವೆ ಎನ್ನುವವರಿಗಿಂತ ಈ ಮೂರಕ್ಕೆ ಸಮಾಧಾನದಿಂದ ಉತ್ತರ ಕೊಡುವವರ ಜೊತೆ ಹೋಗಿ.

ಕೊನೆಯದಾಗಿ, ವಾಪಸ್ ಟಿಕೆಟನ್ನು ಚಾರಣ ಮುಗಿಯುವ ದಿನಕ್ಕಿಂತ ಎರಡು ದಿನ ಮುಂದಕ್ಕೇ ಮಾಡಿಸಿ. ಸೋಮವಾರ ಆಫೀಸಿಗೆ ಹೋಗಲೇಬೇಕು ಎಂಬ ಅವಸರ ಇದ್ದವರಿಗೆ ಮೋಡ ಕವಿದ ಮಧ್ಯಾಹ್ನ ಕಾಯುವ ಮನಸ್ಸು ಬರುವುದಿಲ್ಲ. ಆ ಎರಡು ದಿನದ ಖರ್ಚಿಗೆ ಕೈಯಲ್ಲಿ ದುಡ್ಡಿಲ್ಲದಿದ್ದರೆ ಸಂಕೋಚವಿಲ್ಲದೆ ಮನೆಯಲ್ಲಿ ಕೇಳಿ, ಕೊಡುತ್ತಾರೆ.

ಇಂತಿ,
ಸಿದ್ದಾಪುರ ಕಡೆಯ ನಿಮ್ಮ ಅಣ್ಣ